ಕಾರ್ಲೊವೊದ ಆ ಪುಟ್ಟ ಮನೆ

ಈ ಸದ್ದು ಕೇಳಿಸುತ್ತಿದೆಯಾ? ಇದು ಸುಚುರುಮ್ ಜಲಪಾತ. ಎತ್ತರ ಜಾಸ್ತಿ ಏನಿಲ್ಲ, ಸುಮಾರು 15 ಮೀಟರ್. ಆದರೆ ಊರಿನ ಕೊನೆಯ ಮನೆಗಳು ಮುಗಿಯುತ್ತಿದ್ದಂತೆ ಎದುರಿಗೇ ಸಿಗುತ್ತದೆ. ಹೆಸರು ತುರ್ಕಿ ಭಾಷೆಯದು, 'ಸು' ಅಂದರೆ ನೀರು. ಹಿಂದೆ ಗೋಡೆಯಂತೆ ನಿಂತಿರುವುದು ಬಾಲ್ಕನ್ ಬೆಟ್ಟಸಾಲು. ಬಲ್ಗೇರಿಯಾದವರು ಅದನ್ನು ಸ್ತಾರಾ ಪ್ಲಾನಿನಾ ಅನ್ನುತ್ತಾರೆ, ಅಂದರೆ ಹಳೇ ಬೆಟ್ಟ. ಅದರ ಬುಡದಲ್ಲಿರುವ ಊರು ಕಾರ್ಲೊವೊ. ಮುಂದೆ ಬಯಲಿನ ತುಂಬ ಗುಲಾಬಿ ತೋಟ. ಮೇ ತಿಂಗಳಲ್ಲಿ ಬೆಳಕು ಹರಿಯುವಾಗಲೇ ಹೂ ಬಿಡಿಸುತ್ತಾರೆ, ಬಿಸಿಲೇರಿದರೆ ಎಣ್ಣೆಯ ಅಂಶ ಹಾರಿಹೋಗುತ್ತದೆ.

ಊರೊಳಗೆ 1485ರ ಕುರ್ಶುಮ್ ಮಸೀದಿ ಇದೆ. ಕುರ್ಶುಮ್ ಅಂದರೆ ಸೀಸ. ಚಾವಣಿಗೆ ಸೀಸದ ಹೊದಿಕೆ ಇತ್ತು, ಅದಕ್ಕೇ ಆ ಹೆಸರು.

ಆದರೆ ನಾನು ಇಷ್ಟು ದೂರ ಬಂದಿದ್ದು ಒಂದು ಪುಟ್ಟ ಮನೆ ನೋಡಲು. 1837ರಲ್ಲಿ ಬಲ್ಗೇರಿಯಾದ ಸ್ವಾತಂತ್ರ್ಯ ಹೋರಾಟಗಾರ ವಾಸಿಲ್ ಲೆವ್ಸ್ಕಿ ಹುಟ್ಟಿದ್ದು ಇಲ್ಲೇ. ಅಪ್ಪನದು ಬಟ್ಟೆಗೆ ಬಣ್ಣ ಹಾಕುವ ಕಸುಬು. ಮಗ ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡರು. ಮನೆ ನಡೆಸಿದ್ದು ಅಮ್ಮ ಗಿನಾ. ಹುಡುಗ 1858ರಲ್ಲಿ ಕ್ರೈಸ್ತ ಸನ್ಯಾಸಿಯಾದ. ಆಮೇಲೆ ಮಠ ಬಿಟ್ಟು, ಬೆಲ್‌ಗ್ರೇಡ್‌ಗೆ ಹೋಗಿ, ಬಲ್ಗೇರಿಯಾವನ್ನು ಆಳುತ್ತಿದ್ದ ಒಟ್ಟೋಮನ್ ತುರ್ಕರ ವಿರುದ್ಧ ಹೋರಾಟಕ್ಕೆ ಇಳಿದ. ಲೆವ್ಸ್ಕಿ ಅಂದರೆ ಸಿಂಹದಂಥವನು. ಚೌಕದಲ್ಲಿ 1907ರಲ್ಲಿ ನಿಲ್ಲಿಸಿದ ಅವನ ಪ್ರತಿಮೆಯ ಪಕ್ಕದಲ್ಲೂ ಒಂದು ಸಿಂಹ ಇದೆ, ನೋಡಿ.

1864ರ ಈಸ್ಟರ್ ಹೊತ್ತಿಗೆ ಅವನು ತನ್ನ ಉದ್ದ ಕೂದಲು ಕತ್ತರಿಸಿಬಿಟ್ಟ. ಅಲ್ಲಿನ ಸನ್ಯಾಸಿಗಳು ಕೂದಲು ಬಿಡುವವರು, ಹಾಗಾಗಿ ಅವನ ಸನ್ಯಾಸ ಪೂರ್ತಿಯಾಗಿ ಅಲ್ಲಿಗೆ ಮುಗಿಯಿತು. ಮುಂದೆ ಊರೂರು ಅಲೆದು, ಗುಟ್ಟಾಗಿ ಜನರ ಸಮಿತಿಗಳನ್ನು ಕಟ್ಟಿದ. 1873ರ ಫೆಬ್ರವರಿಯಲ್ಲಿ ಸೋಫಿಯಾದಲ್ಲಿ ಅವನನ್ನು ಗಲ್ಲಿಗೇರಿಸಿದರು. ಆಗ ಅವನಿಗೆ ಮೂವತ್ತೈದು ವರ್ಷ. ಹೂತಿದ್ದು ಎಲ್ಲಿ ಅನ್ನುವುದು ಇವತ್ತಿಗೂ ಇತ್ಯರ್ಥ ಆಗಿಲ್ಲ. ಹೂವಿಡಲು ಒಂದು ಸಮಾಧಿಯೂ ಇಲ್ಲ.

ಆ ಕೂದಲನ್ನು ಮಾತ್ರ ಅಮ್ಮ ಜೋಪಾನವಾಗಿ ಎತ್ತಿಟ್ಟಿದ್ದರು. ಅದೀಗ ಮನೆಯ ಪಕ್ಕದ ಸಣ್ಣ ಪ್ರಾರ್ಥನಾ ಮಂದಿರದಲ್ಲಿದೆ. ಒಳಗೆ ಯಾರೂ ಜೋರಾಗಿ ಮಾತಾಡುವುದಿಲ್ಲ. ತಿಳಿ ಬಣ್ಣದ ಒಂದು ಗೊಂಚಲು, ಅಷ್ಟೇ. ನೋಡುತ್ತಾ ನನ್ನ ಗಂಟಲು ಕಟ್ಟಿತು. ಪಕ್ಕದಲ್ಲಿದ್ದ ಅಜ್ಜಿ ಮೊಮ್ಮಗನನ್ನು ಸೊಂಟದ ಮೇಲೆ ಎತ್ತಿಕೊಂಡು, ಬೆರಳು ತೋರಿಸಿ, ಅವನ ಕಿವಿಯಲ್ಲಿ ಮೆಲ್ಲಗೆ ಏನೋ ಹೇಳಿದರು. ನನಗೆ ಅರ್ಥವಾಗಿದ್ದು ಒಂದೇ ಪದ, ವಾಸಿಲ್.