ಟಿಕೆಟ್ ದುಡ್ಡು ಕೊಟ್ಟವರು ಯಾರು?

ಎಲ್ಲರಿಗೂ ನಮಸ್ಕಾರ.

ಬರಗಾಲದ ವರ್ಷ ನಮ್ಮ ಶಾಸಕರು ಅಧ್ಯಯನ ಪ್ರವಾಸ ಅಂತ ವಿದೇಶಕ್ಕೆ ಹೊರಟರೆ ಪೇಪರಿನಲ್ಲಿ ದೊಡ್ಡ ಗಲಾಟೆಯಾಗುತ್ತದೆ. ಆಗಲೇಬೇಕು, ಅದು ನಮ್ಮ ತೆರಿಗೆ ದುಡ್ಡು. ಅಂಥ ಪ್ರವಾಸದ ಬಿಲ್ ಸರ್ಕಾರದ ಕಡತದಲ್ಲಿ ಇರುತ್ತದೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕೇಳಬಹುದು. ಅದೇ ಖರ್ಚನ್ನು ಯಾವುದೋ ಕಂಪನಿಯೋ ಸಂಘವೋ ಕೊಟ್ಟಿದ್ದರೆ? ಆಗ ಸರ್ಕಾರದ ಹತ್ತಿರ ಬಿಲ್ಲೇ ಇರುವುದಿಲ್ಲ. ಹೋದವರು ಹೇಳಬೇಕು, ಇಲ್ಲವೇ ಕಳಿಸಿದವರು ಹೇಳಬೇಕು. ಇವತ್ತು ನಾನು ಮಾತಾಡುವುದು ಈ ಎರಡನೇ ಥರದ ಪ್ರವಾಸದ ಬಗ್ಗೆ. ಅಮೆರಿಕದ ಸಂಸತ್ತು ಇದಕ್ಕೆ ಗಟ್ಟಿ ನಿಯಮ ಮಾಡಿಕೊಂಡಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಅಲ್ಲಿ ನಿಯಮ ಬಿಗಿಯಾಗಿದ್ದು ಜ್ಯಾಕ್ ಅಬ್ರಮಾಫ್ ಪ್ರಕರಣದ ನಂತರ. ಆತ ವಾಷಿಂಗ್ಟನ್‌ನ ಲಾಬಿಗಾರ, ಅಂದರೆ ದುಡ್ಡು ಪಡೆದು ಕಂಪನಿ, ಸಂಘಗಳ ಪರವಾಗಿ ಸಂಸದರ ಮನ ಒಲಿಸುವವನು. ಸಂಸದರನ್ನು ಸ್ಕಾಟ್ಲೆಂಡ್‌ಗೆ ಕರೆದುಕೊಂಡು ಹೋಗಿ ಗಾಲ್ಫ್ ಆಡಿಸುತ್ತಿದ್ದ. 2006ರಲ್ಲಿ ತಪ್ಪೊಪ್ಪಿಕೊಂಡ. ಅದೇ ಪ್ರಕರಣದಲ್ಲಿ ಓಹಾಯೋದ ಸಂಸದ ಬಾಬ್ ನೇ ಜೈಲಿಗೆ ಹೋದರು. ಮರುವರ್ಷ ಕಾನೂನು ಬಂತು. ಈಗ ಕೆಳಮನೆಯ ಸದಸ್ಯರು ಖಾಸಗಿ ಖರ್ಚಿನಲ್ಲಿ ಹೊರಡುವ ಮೊದಲು, ಸದಸ್ಯರ ನಡತೆ ನೋಡಿಕೊಳ್ಳುವ ನೀತಿ ಸಮಿತಿಯ ಒಪ್ಪಿಗೆ ಪಡೆಯಬೇಕು. ವಾಪಸ್ ಬಂದ 15 ದಿನದೊಳಗೆ ಲೆಕ್ಕ ಕೊಡಬೇಕು. ಓಡಾಟಕ್ಕೆ ಎಷ್ಟು, ಹೋಟೆಲಿಗೆ ಎಷ್ಟು, ಊಟಕ್ಕೆ ಎಷ್ಟು, ಮನೆಯವರು ಯಾರಾದರೂ ಜೊತೆಗೆ ಬಂದಿದ್ದರಾ, ಎಲ್ಲವೂ ಫಾರಂನಲ್ಲಿ ಇರಬೇಕು. ಆ ಫಾರಂ ಅನ್ನು ಯಾರು ಬೇಕಾದರೂ ಇಂಟರ್ನೆಟ್‌ನಲ್ಲಿ ತೆಗೆದು ನೋಡಬಹುದು.

ಈ ನಿಯಮ ಸಂಸದರ ಸಿಬ್ಬಂದಿಗೂ ಅನ್ವಯಿಸುತ್ತದೆ. ನನಗೆ ತುಂಬ ಹಿಡಿಸಿದ ಅಂಶ ಇದು. ಸಾಹೇಬರನ್ನು ನೋಡಬೇಕಾದರೆ ಮೊದಲು ಪಿಎ ಮನಸ್ಸು ಮಾಡಬೇಕು ಅನ್ನುವುದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ವಾಷಿಂಗ್ಟನ್‌ನಲ್ಲಿ ಸಿಬ್ಬಂದಿಯ ಕೈ ಇನ್ನೂ ಉದ್ದ. ಮಸೂದೆಯ ಸಾಲು ಸಾಲನ್ನು ತಿದ್ದಿ ತೀಡುವವರಲ್ಲಿ ಅವರೇ ಜಾಸ್ತಿ. ಸಂಸದರ ಪ್ರವಾಸ ಮಾತ್ರ ಬರೆದಿಟ್ಟು ಇವರದನ್ನು ಬಿಟ್ಟರೆ ಅರ್ಧ ಲೆಕ್ಕವೂ ಸಿಗುವುದಿಲ್ಲ.

ಹಾಗಾದರೆ ಫಾರಂ ಇದ್ದರೆ ಸಾಕಾ? ಅದಕ್ಕೆ ಬಾಕು ಪ್ರಕರಣ ನೋಡಬೇಕು. ಬಾಕು ಅಂದರೆ ಅಜರ್‌ಬೈಜಾನ್‌ನ ರಾಜಧಾನಿ. 2013ರಲ್ಲಿ ಅಲ್ಲಿ ಒಂದು ಸಮ್ಮೇಳನ ನಡೆಯಿತು. ಅಮೆರಿಕದಿಂದ 10 ಸಂಸದರು, 32 ಸಿಬ್ಬಂದಿ ಹೋದರು. ನೋಡಿ, ಇಲ್ಲೂ ಸಿಬ್ಬಂದಿಯೇ ಮೂರು ಪಾಲು. ಒಪ್ಪಿಗೆ ಪಡೆದಿದ್ದರು, ಫಾರಂ ತುಂಬಿದ್ದರು. ಖರ್ಚು ಕೊಟ್ಟವರು ಯಾರು ಅನ್ನುವ ಕಡೆ ಅಮೆರಿಕದ್ದೇ ಊರಾದ ಹ್ಯೂಸ್ಟನ್‌ನ ಲಾಭರಹಿತ ಸಂಸ್ಥೆಗಳ ಹೆಸರಿತ್ತು. ನೋಡಿದವರಿಗೆ ಯಾವ ಅನುಮಾನವೂ ಬರುವಂತಿರಲಿಲ್ಲ.

ಎರಡು ವರ್ಷ ಕಳೆದ ಮೇಲೆ, 2015ರಲ್ಲಿ, ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ವಿಷಯ ಹೊರಗೆ ತಂದಿತು. ದುಡ್ಡು ಬಂದಿದ್ದು ಅಜರ್‌ಬೈಜಾನ್‌ನ ಸರ್ಕಾರಿ ತೈಲ ಕಂಪನಿ ಸೊಕಾರ್‌ನಿಂದ. ಒಟ್ಟು 7,50,000 ಡಾಲರ್, ಆ ಸಂಸ್ಥೆಗಳ ಮೂಲಕ ಹಾದು ಬಂದಿತ್ತು. ಹೋದವರಲ್ಲಿ ಕೆಲವರ ಕೈಗೆ ರತ್ನಗಂಬಳಿ, ಸ್ಫಟಿಕದ ಟೀ ಸೆಟ್, ರೇಷ್ಮೆ ಸ್ಕಾರ್ಫ್ ಕೂಡ ಬಂದಿದ್ದವು. ಸೊಕಾರ್‌ಗೆ ಅಮೆರಿಕದ ಸಂಸತ್ತಿನಿಂದ ಬೇಕಾದದ್ದು ಇತ್ತು. ಅಜರ್‌ಬೈಜಾನ್‌ನ ಶಾ ದೆನಿಜ್ ಅನಿಲ ಯೋಜನೆಯಲ್ಲಿ ಇರಾನ್ ಕಂಪನಿಯ ಪಾಲೂ ಇದ್ದಿದ್ದರಿಂದ, ಇರಾನ್ ಮೇಲೆ ಅಮೆರಿಕ ಹಾಕಿದ ನಿರ್ಬಂಧ ಆ ಯೋಜನೆಗೆ ತಟ್ಟಬಾರದು ಅನ್ನುವುದು ಅದರ ಆಸೆ. ದುಡ್ಡಿನ ಮೂಲ ತಮಗೆ ಗೊತ್ತಿರಲಿಲ್ಲ ಅಂದರು ಸಂಸದರು. ಗೊತ್ತಿದ್ದೇ ಹೋದರು ಅನ್ನುವುದಕ್ಕೆ ನೀತಿ ಸಮಿತಿಗೂ ಪುರಾವೆ ಸಿಗಲಿಲ್ಲ. ಆದರೆ ಹ್ಯೂಸ್ಟನ್‌ನ ಸಂಸ್ಥೆಯೊಂದರ ಮುಖ್ಯಸ್ಥ, ಸಂಸತ್ತಿಗೆ ಕೊಟ್ಟ ಫಾರಂನಲ್ಲಿ ದುಡ್ಡಿನ ಮೂಲ ಮುಚ್ಚಿಟ್ಟಿದ್ದೆ ಅಂತ 2018ರಲ್ಲಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ.

ಫಾರಂ ಇತ್ತು, ಫಾರಂನಲ್ಲಿ ಸುಳ್ಳೂ ಇತ್ತು. ಹಾಗಂತ ಅದರಿಂದ ಉಪಯೋಗವೇನು ಅಂತ ಕೇಳಬೇಡಿ. ಫಾರಂ ಇದ್ದಿದ್ದಕ್ಕೇ ಆ ಸುಳ್ಳು ಅಪರಾಧವಾಯಿತು. ಬರೆದು ಸಹಿ ಹಾಕಿದ ಕಾಗದ ಇಲ್ಲದಿದ್ದರೆ ಆತನನ್ನು ಯಾವುದರ ಮೇಲೆ ಹಿಡಿಯುತ್ತಿದ್ದರು?

ಇನ್ನೊಂದು ಸಂಗತಿ. 2014ರಲ್ಲಿ ಕೆಳಮನೆಯ ನೀತಿ ಸಮಿತಿ ಒಂದು ಬದಲಾವಣೆ ಮಾಡಿತು. ಸಂಸದರು ವರ್ಷಕ್ಕೊಮ್ಮೆ ಕೊಡುವ ಆಸ್ತಿ ವಿವರದಲ್ಲಿ ಇಂಥ ಪ್ರವಾಸ ತೋರಿಸಬೇಕಾಗಿಲ್ಲ ಅಂತ. ಹೇಗೂ ಇನ್ನೊಂದು ಕಡೆ ಫಾರಂ ಇದೆ, ಸುಮ್ನೆ ಎರಡೆರಡು ಸಲ ಯಾಕೆ ಅನ್ನುವ ವಾದ. ಸುದ್ದಿ ಹೊರಬಿತ್ತು, ಜನ ಸಿಟ್ಟಾದರು, ಅದೇ ವಾರ ಸಮಿತಿ ಹಿಂದೆ ಸರಿಯಿತು. ಎರಡು ಕಡೆ ಬರೆಸುವುದು ವ್ಯರ್ಥ ಅಲ್ಲ ಅಂತಲೇ ನನ್ನ ಅಭಿಪ್ರಾಯ. ಅಂಗಡಿಯವರ ಪುಸ್ತಕ, ನಮ್ಮ ಮನೆಯ ಪುಸ್ತಕ ಎರಡನ್ನೂ ಪಕ್ಕ ಪಕ್ಕ ಇಟ್ಟಾಗ ತಾನೇ ತಪ್ಪು ಕಣ್ಣಿಗೆ ಬೀಳುವುದು?

ನಮ್ಮಲ್ಲಿ ಏನಿದೆ? 2010ರ ವಿದೇಶಿ ವಂತಿಗೆ ಕಾಯ್ದೆಯ 6ನೇ ಕಲಂ ಇದೆ. ಶಾಸಕರು, ಸಂಸದರು, ನ್ಯಾಯಾಧೀಶರು, ಸರ್ಕಾರಿ ನೌಕರರು ವಿದೇಶಕ್ಕೆ ಹೋದಾಗ ವಿದೇಶಿಯರ ಆತಿಥ್ಯ ಪಡೆಯಬೇಕಾದರೆ ಕೇಂದ್ರ ಸರ್ಕಾರದ ಅನುಮತಿ ಮೊದಲೇ ಬೇಕು. ಒಳ್ಳೆಯ ಕಲಂ. ಆದರೆ ಅದು ಕೇಳುವುದು ಅನುಮತಿಯನ್ನು. ವಾಪಸ್ ಬಂದ ಮೇಲೆ ಜನರ ಮುಂದೆ ಲೆಕ್ಕ ಇಡಿ ಅಂತ ಅದು ಹೇಳುವುದಿಲ್ಲ. ನಮ್ಮ ದೇಶದ ಕಂಪನಿಯೇ ಖರ್ಚು ಕೊಟ್ಟು ಗೋವಾಕ್ಕೋ ದುಬೈಗೋ ಕರೆದುಕೊಂಡು ಹೋದರೆ ಈ ಕಲಂ ಅದನ್ನು ಮುಟ್ಟುವುದೂ ಇಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ನಮ್ಮ ವಿಧಾನಸಭೆಯ ವೆಬ್‌ಸೈಟಿನಲ್ಲಿ ಪ್ರತಿ ಶಾಸಕರ ಹೆಸರಿನ ಪಕ್ಕ ಒಂದು ಪುಟ ಬೇಕು. ಎಲ್ಲಿಗೆ ಹೋದರು, ಎಷ್ಟು ದಿನ, ಜೊತೆಗೆ ಯಾವ ಸಿಬ್ಬಂದಿ, ದುಡ್ಡು ಕೊಟ್ಟವರು ಯಾರು, ಅವರಿಗೆ ದುಡ್ಡು ಬಂದಿದ್ದು ಎಲ್ಲಿಂದ. ಆ ಕೊನೆಯ ಪ್ರಶ್ನೆಯ ಕೆಳಗೆ ಸಹಿ ಇರಲಿ.