ಬಂಡೆಯ ಕೆಳಗೆ ನಿಲ್ಲುವವರು

ಎಲ್ಲರಿಗೂ ಶರಣು.

ಗಂಗಾವತಿಯವರಿಗೆ ಹಂಪಿ ಹತ್ತಿರದ ನಮ್ಮ ಸಾಣಾಪುರದ ಬಂಡೆಗಳ ಬಗ್ಗೆ ಹೇಳೋಕೆ ಬಂದಿದ್ದೇನೆ ಅಂದರೆ ನಗು ಬರುತ್ತದೆ, ಅಲ್ವಾ? ದಿನಾ ನೋಡುವ ಕಲ್ಲು. ಆದರೆ ಇದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಬಿರುಕುಗಳ ಜಾಡು ಹಿಡಿದು ಬಿಸಿಲು, ಮಳೆ ಇದನ್ನು ಗುಂಡಗೆ ಸವೆಸಿವೆ. ಇದನ್ನು ಹತ್ತಲೆಂದೇ ದೇಶ ವಿದೇಶಗಳಿಂದ ಜನ ಬರುತ್ತಾರೆ.

ಈ ಆಟಕ್ಕೆ ಬೌಲ್ಡರಿಂಗ್ ಅನ್ನುತ್ತಾರೆ. ಹಗ್ಗ ಇರುವುದಿಲ್ಲ. ಕಾಲಿಗೆ ರಬ್ಬರ್ ತಳದ ಬಿಗಿ ಶೂ, ಕೈಗೆ ಬೆವರು ಹೀರುವ ಬಿಳಿ ಪುಡಿ, ನೆಲದ ಮೇಲೆ ದಪ್ಪ ಫೋಮಿನ ಹಾಸು. ಜೊತೆಗೆ ಕೆಳಗೊಬ್ಬ ಮನುಷ್ಯ ನಿಲ್ಲಬೇಕು. ಅವನು ಸ್ಪಾಟರ್. ಬೀಳುವವನನ್ನು ಎತ್ತಿ ಹಿಡಿಯುವುದು ಅವನ ಕೆಲಸವಲ್ಲ. ಬೆನ್ನಿಗೆ, ಸೊಂಟಕ್ಕೆ ಕೈ ಕೊಟ್ಟು, ತಲೆ ಕಲ್ಲಿಗೆ ಬಡಿಯದಂತೆ ಹಾಸಿನ ಮೇಲೆ ಬೀಳಿಸುವುದು.

ನನಗೆ ಇದೇ ದೊಡ್ಡ ಸಂಗತಿ. ಬೆಂಗಳೂರಿನ ಎಂಜಿನಿಯರ್ ಮೇಲಿದ್ದಾಗ ಕೆಳಗೆ ಸಾಣಾಪುರದ ಆಟೋ ಹುಡುಗ ನಿಂತಿರಬಹುದು. ಯಾವ ಮಂದಿ, ಸಂಬಳ ಎಷ್ಟು ಅಂತ ಕೇಳುವ ಹೊತ್ತೇ ಅದು? ಮುಂದಿನ ಸರದಿ ಆಟೋ ಹುಡುಗನದು. ಆಗ ಎಂಜಿನಿಯರ್ ಕೈಯೆತ್ತಿ ನಿಲ್ಲುತ್ತಾನೆ. ಸುಮ್ನೆ ಒಂದೇ ಗುಡ್ಡದಲ್ಲಿ ಸೇರಿದ ಮಾತ್ರಕ್ಕೆ ಜನ ಬೆರೆಯುವುದಿಲ್ಲ. ಅಂಜನಾದ್ರಿಯ 575 ಮೆಟ್ಟಿಲು ಎಷ್ಟೋ ಜನ ಹತ್ತುತ್ತಾರೆ. ಬಂದವರ ಜೊತೆಗೇ ಇಳಿದು ಹೋಗುತ್ತಾರೆ. ಬಂಡೆ ಹತ್ತುವವನಿಗೆ ಗುರುತಿಲ್ಲದವರ ಕೈಯೂ ಬೇಕು.

ನಮ್ಮ ಬಿಸಿಲಿನ ಪಾತ್ರವೂ ಇದೆ ಅನ್ನಿ. ಕಲ್ಲು ಕಾದರೆ ಬೆರಳು ಬೆವರಿ ಜಾರುತ್ತದೆ. ಹಾಗಾಗಿ ಚಳಿಗಾಲದಲ್ಲೂ ಬೆಳಿಗ್ಗೆ, ಸಂಜೆಯೇ ಜಾಸ್ತಿ ಹತ್ತುವುದು. ನಡುಹಗಲು ಖಾಲಿ. ಮಂಡಾಳ ಒಗ್ಗರಣೆ, ಮಿರ್ಚಿ ಮುಂದಿಟ್ಟುಕೊಂಡು ಹರಕು ಇಂಗ್ಲಿಷು, ಮುರುಕು ಕನ್ನಡದಲ್ಲಿ ಮಾತು ಬೆಳೆಯುವುದು ಆಗಲೇ.

ಹಾಗಂತ ಎಲ್ಲವೂ ಚೆಂದ ಅನ್ನಲಾರೆ. ತುಂಗಭದ್ರೆಯ ನಡುಗಡ್ಡೆ ವಿರೂಪಾಪುರ ಗಡ್ಡೆಯಲ್ಲಿ ರೆಸಾರ್ಟುಗಳು ನಿಯಮ ಮೀರಿ ಬೆಳೆದವು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅವನ್ನು ಕೆಡವಲಾಯಿತು. ಎಷ್ಟೋ ಜನರ ದುಡಿಮೆ ಹೋಯಿತು, ನಿಜ. ಆದರೆ ರೆಸಾರ್ಟಿನಲ್ಲಿ ನಮ್ಮವರು ಬಡಿಸುತ್ತಾರೆ, ಹೊರಗಿನವರು ಉಣ್ಣುತ್ತಾರೆ. ಅದಕ್ಕೆ ಬೆರೆಯುವುದು ಅಂತ ಹೇಗೆ ಹೇಳಲಿ?

ಇನ್ನು ನಮ್ಮೂರ ಹೆಣ್ಮಕ್ಕಳು. ಹೊರಗಿನ ಹುಡುಗಿಯರು ಆಟಕ್ಕೆ ಹತ್ತುತ್ತಾರೆ. ನಮ್ಮವರು ಅದೇ ಗುಡ್ಡವನ್ನು ಕುರಿ ಹಿಂದೆ, ಕಟ್ಟಿಗೆಗೆ ಅಂತ ಹತ್ತಿದವರು. ಆಟಕ್ಕೆ ಬರುವುದು ಕಡಿಮೆ. ಧೈರ್ಯ ಇಲ್ಲ ಅಂತಲ್ಲ. ಹತ್ತಿರದಲ್ಲಿ ಶೌಚಾಲಯ ಬೇಕು, ಕತ್ತಲಾಗುವ ಮುಂಚೆ ಊರಿಗೆ ಬಸ್ ಬೇಕು, ಮನೆಯಲ್ಲಿ ಬೈಯದೆ ಕಳಿಸಬೇಕು. ಪ್ರಿನ್ಸಿಪಾಲರು ಇಲ್ಲೇ ಇದ್ದಾರೆ, ಅದಕ್ಕೇ ಕೇಳುತ್ತಿದ್ದೇನೆ: ಕಾಲೇಜಿನಿಂದ ಎರಡು ಹಾಸು ಕೊಳ್ಳಿ ಸರ್. ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ ಹುಡುಗಿಯರನ್ನು ಕರೆದೊಯ್ಯಿರಿ. ಸ್ಮಾರಕಗಳ ಹತ್ತಿರದ ಕಲ್ಲು ಮಾತ್ರ ಬೇಡ. ಯಾವ ಬಂಡೆ ಸುಲಭ ಅಂತ ಸಾಣಾಪುರದ ಹುಡುಗರನ್ನೇ ಕೇಳಿ, ತೋರಿಸುತ್ತಾರೆ.