ಕಾಗದವಿಲ್ಲದ ನಿಯಮಪುಸ್ತಕಕ್ಕೆ ಎಷ್ಟು ಬೆಲೆ?

ಆತ್ಮೀಯರೇ,

1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ (ಚಿಕ್ಕದಾಗಿ ಡಿ ಅಂಡ್ ಡಿ) ಆಟ ಮಾರಾಟಕ್ಕೆ ಹೊರಟಾಗ, ಒಂದು ರಟ್ಟಿನ ಪೆಟ್ಟಿಗೆಯೊಳಗೆ ಮೂರು ತೆಳು ಪುಸ್ತಿಕೆಗಳಿದ್ದವು, ಅದರ ಬೆಲೆ 10 ಡಾಲರ್ ಆಗಿತ್ತು. ಮೊದಲ ಮುದ್ರಣದಲ್ಲಿ 1,000 ಪ್ರತಿಗಳಷ್ಟೇ ಬಂದವು. ಪೆಟ್ಟಿಗೆಯಲ್ಲಿ ಆಟದ ಹಲಗೆಯಾಗಲಿ ಕಾಯಿಗಳಾಗಲಿ ಇರಲಿಲ್ಲ. ಮೇಜಿನ ಸುತ್ತ ಕುಳಿತು ಪಾತ್ರ ವಹಿಸಿ ಆಡುವ ಆಟಗಳ ಮಟ್ಟಿಗೆ ಅಂದಿನಿಂದಲೂ ಕೊಳ್ಳುವವರು ಕೊಡುವ ಹಣ ನಿಯಮಗಳಿಗೆ, ಅಂದರೆ ಮಾತಿಗೆ. ಆ ಮಾತನ್ನು ಹೊತ್ತು ತರುವ ಕಾಗದವೂ ಈಗ ಇಲ್ಲವಾಗಿ, ಒಂದು ಪಿಡಿಎಫ್ ಕಡತವೋ ಒಂದು ಜಾಲತಾಣದ ಖಾತೆಯೋ ಉಳಿದಿರುವಾಗ, ಅದಕ್ಕೆ ಎಷ್ಟು ಕೊಡುವುದು ನ್ಯಾಯ ಎಂಬುದು ನನ್ನ ಇಂದಿನ ವಿಷಯ.

ಈ ಪ್ರಶ್ನೆ ಎದ್ದಾಗಲೆಲ್ಲ ಮೊದಲು ಕೇಳಿಬರುವ ವಾದ ಒಂದೇ. ಕಾಗದವಿಲ್ಲ, ಮುದ್ರಣವಿಲ್ಲ, ಸಾಗಣೆಯಿಲ್ಲ, ಆದ್ದರಿಂದ ಬೆಲೆ ಬಹಳ ಕಡಿಮೆ ಇರಬೇಕು ಎಂಬ ವಾದ ಅದು. ಇದನ್ನು ತಳ್ಳಿಹಾಕುವ ಮುನ್ನ ನಿಜವಾದ ಒಂದು ಪುಸ್ತಕವನ್ನು ಎದುರಿಗಿಟ್ಟುಕೊಂಡು ಲೆಕ್ಕ ಹಾಕೋಣ. 2009ರಲ್ಲಿ ಪೈಜೋ ಸಂಸ್ಥೆ ‘ಪಾತ್‌ಫೈಂಡರ್’ ಆಟದ ಮೂಲ ನಿಯಮಪುಸ್ತಕವನ್ನು ಹೊರತಂದಿತು. ಅದು 576 ಪುಟಗಳ, ಬಣ್ಣದ ಚಿತ್ರಗಳಿದ್ದ ಗಟ್ಟಿರಟ್ಟಿನ ಗ್ರಂಥ. ಮುದ್ರಿತ ಪ್ರತಿಗೆ 49.99 ಡಾಲರ್, ಪಿಡಿಎಫ್‌ಗೆ 9.99 ಡಾಲರ್. ಐದರಲ್ಲಿ ಒಂದು ಪಾಲು ಎಂದಾಗ ಪ್ರಕಾಶಕರು ಪಿಡಿಎಫನ್ನು ಬಹುತೇಕ ದಾನ ಮಾಡಿದರು ಎಂದು ತೋರುತ್ತದೆ. ಆದರೆ ಅಮೆರಿಕದ ಆಟದ ಪುಸ್ತಕಗಳ ವ್ಯಾಪಾರದಲ್ಲಿ ವಿತರಕರ ಮೂಲಕ ಅಂಗಡಿಗೆ ಹೋಗುವ ಪ್ರತಿಯೊಂದಕ್ಕೆ ಪ್ರಕಾಶಕರ ಕೈಸೇರುವುದು ಮುಖಬೆಲೆಯ ಸುಮಾರು 40 ಪ್ರತಿಶತ ಮಾತ್ರ. 49.99ರಲ್ಲಿ ಅದು 20 ಡಾಲರ್. ಅದರಲ್ಲಿ ಮುದ್ರಣದ ವೆಚ್ಚ, ಹಡಗಿನ ಬಾಡಿಗೆ, ಗೋದಾಮಿನ ಖರ್ಚು, ಮಾರಾಟವಾಗದೆ ಉಳಿದ ಪ್ರತಿಗಳ ನಷ್ಟ ಇವೆಲ್ಲ ಕಳೆಯಬೇಕು. ಇತ್ತ ಸ್ವಂತ ತಾಣದಲ್ಲಿ ನೇರವಾಗಿ ಮಾರಿದ ಪಿಡಿಎಫ್‌ನ 9.99 ಡಾಲರ್‌ನಲ್ಲಿ ಹಣ ಪಾವತಿಯ ಶುಲ್ಕ, ತಾಣದ ನಿರ್ವಹಣೆಯಂಥ ಸಣ್ಣ ಖರ್ಚು ಕಳೆದರೆ ಉಳಿದದ್ದೆಲ್ಲ ಅವರದೇ. ಕೊಳ್ಳುವವನ ಕಣ್ಣಿಗೆ 40 ಡಾಲರ್‌ನಷ್ಟು ದೊಡ್ಡದಾಗಿ ಕಾಣುವ ಅಂತರ, ಪ್ರಕಾಶಕರ ಲೆಕ್ಕದ ಪುಸ್ತಕದಲ್ಲಿ ತೀರಾ ಕಿರಿದಾಗಿರುತ್ತದೆ.

ಹಾಗಾದರೆ ಕಾಗದ ಇಲ್ಲದಿರುವುದರಿಂದ ಬೆಲೆ ಇಳಿಯಬೇಕು ಎಂಬ ವಾದ ಅರ್ಧ ಸರಿ. ಉಳಿದರ್ಧದಲ್ಲಿ ಅದು ತಪ್ಪುವುದು ಶ್ರಮದ ವಿಷಯದಲ್ಲಿ. ನಿಯಮಪುಸ್ತಕ ಬರೆಯುವುದು ಕಾದಂಬರಿ ಬರೆದಂತಲ್ಲ. ‘ಬೆಂಕಿಯ ಮಂತ್ರ ಹಾಕಿದಾಗ ಗೋಡೆಯ ಹಿಂದೆ ನಿಂತವನಿಗೆ ಸುಡುತ್ತದೆಯೇ’ ಎಂಬ ಪ್ರಶ್ನೆಗೆ ಒಂದು ಪುಟದಲ್ಲಿ ಕೊಟ್ಟ ಉತ್ತರ ಇನ್ನೂರು ಪುಟಗಳ ಆಚೆ ಮುರಿಯಬಾರದು. ಅದನ್ನು ಹತ್ತಾರು ಗುಂಪುಗಳು ತಿಂಗಳುಗಟ್ಟಲೆ ಆಡಿ ನೋಡಬೇಕು, ಮುರಿದಲ್ಲಿ ತಿದ್ದಬೇಕು, ತಿದ್ದಿದ ಮೇಲೆ ಮತ್ತೆ ಆಡಬೇಕು. ಸಂಪಾದಕ, ಚಿತ್ರಕಾರ, ಪುಟವಿನ್ಯಾಸಕ, ಪದಸೂಚಿ ಮಾಡುವವರು ಎಲ್ಲರ ಕೂಲಿಯೂ ಮೊದಲ ಪ್ರತಿ ಮಾರುವ ಮುನ್ನವೇ ಖರ್ಚಾಗಿರುತ್ತದೆ. ಕಾಗದ ಬಿಟ್ಟರೂ ಈ ಖರ್ಚಿನಲ್ಲಿ ಒಂದು ಕಾಸೂ ಕಡಿಮೆಯಾಗುವುದಿಲ್ಲ. ಸಣ್ಣ ಪ್ರಕಾಶಕರ ಸ್ಥಿತಿ ಇನ್ನೂ ಇಕ್ಕಟ್ಟಿನದು. ಡ್ರೈವ್‌ಥ್ರೂಆರ್‌ಪಿಜಿ ಎಂಬ ಪ್ರಸಿದ್ಧ ಜಾಲಮಳಿಗೆಯಲ್ಲಿ ಪುಸ್ತಕವನ್ನು ಅಲ್ಲಿ ಮಾತ್ರ ಮಾರುವವರಿಗೆ ಬೆಲೆಯ 70 ಪ್ರತಿಶತ, ಬೇರೆಡೆಯೂ ಮಾರುವವರಿಗೆ 65 ಪ್ರತಿಶತ ಸಿಗುವ ಪದ್ಧತಿ ಬಹುಕಾಲ ನಡೆದುಬಂದಿದೆ. 2016ರಲ್ಲಿ ಆರಂಭವಾದ ಡಿಎಮ್ಸ್ ಗಿಲ್ಡ್ ಎಂಬ ಜಾಲಮಳಿಗೆಯಲ್ಲಿ ಡಿ ಅಂಡ್ ಡಿಯ ಕಲ್ಪಿತ ಲೋಕಗಳನ್ನು ಬಳಸಿ ಬರೆದವರಿಗೆ ಸಿಗುವುದು ಅರ್ಧ. ಐದು ಡಾಲರ್‌ನ ಪುಸ್ತಿಕೆ ಅಲ್ಲಿ ಇನ್ನೂರು ಪ್ರತಿ ಮಾರಾಟವಾದರೆ ಲೇಖಕನಿಗೆ 500 ಡಾಲರ್ ಬರುತ್ತದೆ, ಚಿತ್ರಗಳ ಖರ್ಚನ್ನು ಅದರಲ್ಲೇ ತೂಗಿಸಬೇಕು.

ಇಷ್ಟು ಹೇಳಿದ ಮೇಲೆ, ಡಿಜಿಟಲ್ ಪುಸ್ತಕಕ್ಕೆ ಹೆಚ್ಚು ಹಣ ಕೊಡಿ ಎಂದು ನಾನು ವಾದಿಸುತ್ತೇನೆಂದು ನೀವು ಭಾವಿಸಬಹುದು. ನನ್ನ ವಾದ ಅದಲ್ಲ. ಬೆಲೆಯನ್ನು ತಯಾರಿಕೆಯ ಖರ್ಚಿನಿಂದ ಮಾತ್ರ ಅಳೆಯುವುದನ್ನು ಬಿಟ್ಟು, ಹಣ ಕೊಟ್ಟ ಮೇಲೆ ಓದುಗನ ಕೈಯಲ್ಲಿ ಏನು ಉಳಿಯುತ್ತದೆ ಎಂಬುದರಿಂದಲೂ ಅಳೆಯಬೇಕು ಎಂಬುದು ನನ್ನ ಅಭಿಪ್ರಾಯ.

2009ರ ಏಪ್ರಿಲ್‌ನಲ್ಲಿ ಏನಾಯಿತು ನೋಡಿ. ಹೊಸ ಪುಸ್ತಕವೊಂದರ ಕಳ್ಳಪ್ರತಿಗಳು ಅಂತರ್ಜಾಲದಲ್ಲಿ ಹರಡಿದ್ದರಿಂದ, ಡಿ ಅಂಡ್ ಡಿಯ ಪ್ರಕಾಶಕರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆಯು ಹರಡಿದವರ ಮೇಲೆ ಮೊಕದ್ದಮೆ ಹೂಡಿ, ತನ್ನ ಎಲ್ಲ ಪಿಡಿಎಫ್‌ಗಳನ್ನೂ ಮಳಿಗೆಗಳಿಂದ ಹಿಂತೆಗೆದುಕೊಂಡಿತು. ಹಳೆಯ, ಮುದ್ರಣವೇ ನಿಂತುಹೋದ ಪುಸ್ತಕಗಳೂ ಅದರೊಂದಿಗೆ ಹೋದವು. ಮೊದಲೇ ಹಣ ಕೊಟ್ಟು ಕೊಂಡಿದ್ದವರು ಆ ಮಳಿಗೆಗಳಿಂದ ಮತ್ತೆ ಇಳಿಸಿಕೊಳ್ಳಲಾರದೆ ಹೋದರು, ಆದರೆ ತಮ್ಮ ಗಣಕಕ್ಕೆ ಇಳಿಸಿಟ್ಟುಕೊಂಡಿದ್ದವರ ಪ್ರತಿಗಳು ಉಳಿದವು. ಆ ಪಿಡಿಎಫ್‌ಗಳು ಮತ್ತೆ ಮಾರಾಟಕ್ಕೆ ಬಂದದ್ದು 2013ರಲ್ಲಿ. ನಾಲ್ಕು ವರ್ಷಗಳ ಆ ಅವಧಿಯಲ್ಲಿ ಕಳ್ಳಪ್ರತಿಗಳು ಅಂತರ್ಜಾಲದಿಂದ ಮರೆಯಾಗಲಿಲ್ಲ. ಮರೆಯಾದದ್ದು ಪ್ರಾಮಾಣಿಕವಾಗಿ ಕೊಳ್ಳಬೇಕೆಂದವರ ದಾರಿ ಮಾತ್ರ.

ಮುಂದೆ 2014ರಲ್ಲಿ ಅದೇ ಆಟದ ಐದನೆಯ ಆವೃತ್ತಿ ಬಂದಾಗ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಎಂಬ ಮೂಲ ನಿಯಮಪುಸ್ತಕದ ಮುದ್ರಿತ ಬೆಲೆ 49.95 ಡಾಲರ್ ಆಗಿತ್ತು, ಪಿಡಿಎಫ್ ಬರಲೇ ಇಲ್ಲ. 2017ರಲ್ಲಿ ಡಿ ಅಂಡ್ ಡಿ ಬಿಯಾಂಡ್ ತಾಣ ಶುರುವಾಗಿ, ಆ ಪುಸ್ತಕವನ್ನು ಅಲ್ಲಿ ಓದಲು 29.99 ಡಾಲರ್ ಎಂದು ನಿಗದಿಯಾಯಿತು. ಇದಕ್ಕೆ ಸಮರ್ಥನೆ ಇಲ್ಲದಿಲ್ಲ. ಆ ತಾಣದಲ್ಲಿ ಆಟಗಾರನ ಪಾತ್ರದ ಶಕ್ತಿ, ಕೌಶಲಗಳ ಪಟ್ಟಿ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ, ಮಂತ್ರದ ಹೆಸರನ್ನು ಮುಟ್ಟಿದರೆ ವಿವರಣೆ ತೆರೆದುಕೊಳ್ಳುತ್ತದೆ, ಹೊಸಬರು ಹತ್ತು ನಿಮಿಷದಲ್ಲಿ ಆಟಕ್ಕೆ ಸಿದ್ಧರಾಗುತ್ತಾರೆ. ಈ ಅನುಕೂಲ ನಿಜವಾದದ್ದು, ಅದನ್ನು ಕಟ್ಟಿದವರ ಕೆಲಸಕ್ಕೆ ಬೆಲೆಯಿದೆ. ಆದರೆ ಅಲ್ಲಿ ಕೊಂಡದ್ದು ಪುಸ್ತಕವಲ್ಲ, ಪ್ರವೇಶ. 2024ರ ಆಗಸ್ಟ್‌ನಲ್ಲಿ, ಹೊಸ ನಿಯಮಗಳು ಹೊರಬರುವುದಕ್ಕೆ ಸ್ವಲ್ಪ ಮುನ್ನ, ಪಾತ್ರಗಳ ಪಟ್ಟಿಯಲ್ಲಿದ್ದ ಹಳೆಯ ಮಂತ್ರಗಳ ಜಾಗಕ್ಕೆ ಹೊಸವನ್ನು ಹಾಕುವುದಾಗಿ ತಾಣ ಪ್ರಕಟಿಸಿತು. ಆಟಗಾರರು ಜೋರಾಗಿ ವಿರೋಧಿಸಿದ ಮೇಲೆ ಕೆಲವೇ ದಿನಗಳಲ್ಲಿ ಆ ನಿರ್ಧಾರ ಹಿಂದಕ್ಕೆ ಹೋಯಿತು. ಹಿಂದಕ್ಕೆ ಹೋದದ್ದು ಸಂತೋಷವೇ. ಆದರೂ ನನ್ನ ಕಪಾಟಿನಲ್ಲಿರುವ ಪುಸ್ತಕದ ಒಂದು ಪುಟವನ್ನು ಬದಲಾಯಿಸುತ್ತೇವೆಂದು ಯಾರೂ ಪ್ರಕಟಣೆ ಹೊರಡಿಸಲಾರರು ಎಂಬ ಮಾತು ಆ ವಾರ ನನ್ನ ಮನಸ್ಸಿನಲ್ಲಿ ಗಟ್ಟಿಯಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು, ಮಾರುವುದು ಬರಿಯ ಪರವಾನಗಿಯಾಗಿದ್ದರೆ ಅದನ್ನು ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿರಿ’ ಎಂಬ ಪದ ಬಳಸಬಾರದು ಎಂದು ಮಾಡಿದ ಕಾಯಿದೆ 2025ರ ಜನವರಿಯಿಂದ ಜಾರಿಯಲ್ಲಿದೆ. ನನ್ನ ಕಣ್ಣಿಗೆ ಅದು ಬೆಲೆಯ ಕಾಯಿದೆಯೂ ಹೌದು, ಏಕೆಂದರೆ ಬಾಡಿಗೆಯನ್ನು ಬಾಡಿಗೆಯೆಂದು ಕರೆದ ಮೇಲೆ ಮುದ್ರಿತ ಬೆಲೆಯ ಐದರಲ್ಲಿ ಮೂರು ಪಾಲನ್ನು ಕೇಳುವುದು ಸುಲಭವಲ್ಲ.

ಇನ್ನೊಂದು ಸಂಗತಿ ಈ ಪುಸ್ತಕಗಳಿಗೇ ವಿಶೇಷವಾದದ್ದು. ಕಾದಂಬರಿಯನ್ನು ಒಬ್ಬರೇ ಓದಿ ಮುಗಿಸುತ್ತೇವೆ, ಆದರೆ ನಿಯಮಪುಸ್ತಕ ಐದಾರು ಮಂದಿ ಸೇರಿದ ಹೊರತು ಕೆಲಸಕ್ಕೆ ಬರುವುದಿಲ್ಲ. ತಾಳಮದ್ದಳೆಯಲ್ಲಿ ಪ್ರಸಂಗದ ಪುಸ್ತಕ ಭಾಗವತರ ಎದುರಿಗಿರುತ್ತದೆ, ಅರ್ಥ ಹೇಳುವವರ ಮಾತು ಅವರವರದೇ. ಮುದ್ರಿತ ಪದ್ಯ ಅಲ್ಲಿ ಇಡೀ ಕೂಟಕ್ಕೆ ಸೇರಿದ್ದು. ಇಲ್ಲಿಯೂ ಹಾಗೆಯೇ, ಮುದ್ರಿತ ಪ್ರತಿ ಮೇಜಿನ ಮೇಲೆ ಕೈಯಿಂದ ಕೈಗೆ ಹೋಗುತ್ತದೆ. ಡಿಜಿಟಲ್ ಪ್ರತಿಯನ್ನು ಹಾಗೆ ದಾಟಿಸಿದರೆ ಅದು ನಕಲು ಎನಿಸುತ್ತದೆ, ಅಥವಾ ಬಿಯಾಂಡ್‌ನಲ್ಲಿದ್ದಂತೆ, ಹಂಚಿಕೊಳ್ಳುವ ಹಕ್ಕಿಗೇ ಪ್ರತ್ಯೇಕ ಮಾಸಿಕ ಚಂದಾ ಬೀಳುತ್ತದೆ. ಪಾತ್‌ಫೈಂಡರ್‌ನ 9.99 ಡಾಲರ್‌ನ ಪಿಡಿಎಫ್ ಅನ್ನು ನಾನು ಮೆಚ್ಚುವುದು ಇದಕ್ಕಾಗಿ. ಗುಂಪಿನ ಪ್ರತಿಯೊಬ್ಬನೂ ಕದಿಯದೆ ತನ್ನದೇ ಪ್ರತಿ ಇಟ್ಟುಕೊಳ್ಳಬಹುದಾದ ಬೆಲೆ ಅದು. 2013ರಲ್ಲಿ ಇವಿಲ್ ಹ್ಯಾಟ್ ಸಂಸ್ಥೆ ‘ಫೇಟ್ ಕೋರ್’ ಎಂಬ ಆಟದ ಪಿಡಿಎಫ್‌ಗೆ ‘ನಿಮಗೆ ತೋಚಿದಷ್ಟು ಕೊಡಿ’ ಎಂದಾಗ, ಬರವಣಿಗೆಯ ಖರ್ಚನ್ನು ಕಿಕ್‌ಸ್ಟಾರ್ಟರ್ ಎಂಬ, ಜನರಿಂದ ಮುಂಗಡ ಹಣ ಸಂಗ್ರಹಿಸುವ ತಾಣದಲ್ಲಿ ಓದುಗರೇ 4,33,365 ಡಾಲರ್ ಕೊಟ್ಟು ಮೊದಲೇ ತುಂಬಿದ್ದರು. ಶ್ರಮಕ್ಕೆ ಒಮ್ಮೆ ಕೂಲಿ ಸಂದಮೇಲೆ ಪ್ರತಿಯ ಬೆಲೆಯನ್ನು ಸಡಿಲಬಿಡಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ಗೊತ್ತಿಲ್ಲ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಆಡುವವರಿಗೆ ಈ ಲೆಕ್ಕ ಬೇರೆಯಾಗಿ ಕಾಣುತ್ತದೆ. ಹೊರದೇಶದ ಸಣ್ಣ ಪ್ರಕಾಶಕರ ಪುಸ್ತಕ ತರಿಸಿದರೆ ಅಂಚೆಯ ವೆಚ್ಚ ಪುಸ್ತಕದ ಬೆಲೆಯನ್ನೇ ಮುಟ್ಟುವುದುಂಟು, ಹಾಗಾಗಿ ಪಿಡಿಎಫ್ ನಮಗೆ ಉಳಿದಿರುವ ಒಂದೇ ಬಾಗಿಲು. ಆ ಬಾಗಿಲಿನ ಬೆಲೆ ಡಾಲರ್‌ನಲ್ಲಿ, ಎಲ್ಲ ದೇಶಕ್ಕೂ ಒಂದೇ. ಹತ್ತು ಡಾಲರ್ ಎಂದರೆ ಎಂಟುನೂರು ರೂಪಾಯಿಗೂ ಮೇಲೆ, ಒಬ್ಬ ವಿದ್ಯಾರ್ಥಿಗೆ ಅದು ಸಣ್ಣ ಮೊತ್ತವಲ್ಲ. ಗಣಕಯಂತ್ರದ ಆಟಗಳನ್ನು ಮಾರುವ ದೊಡ್ಡ ಮಳಿಗೆಗಳು ಭಾರತಕ್ಕೆ ರೂಪಾಯಿಯ ಬೆಲೆ ಇಡುವುದನ್ನು ಬಹಳ ಹಿಂದೆಯೇ ಕಲಿತವು, ಪುಸ್ತಕದವರೂ ಕಲಿಯಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಹಣ ಕೊಟ್ಟ ಮೇಲೂ ಗುಣದ ಖಾತ್ರಿಯಿಲ್ಲ. ಒಮ್ಮೆ ನಾನು ಹಳೆಯ ಆಟವೊಂದರ ಪಿಡಿಎಫ್ ಕೊಂಡಾಗ ಪುಟಗಳ ಛಾಯಾಚಿತ್ರಗಳಷ್ಟೇ ಇದ್ದವು, ಪದ ಹುಡುಕಲು ಬಾರದು, ಅಧ್ಯಾಯದ ಕೊಂಡಿಗಳಿಲ್ಲ. ಗೆಳೆಯರು ದಾಳ ಹಿಡಿದು ಕಾಯುತ್ತಿರುವಾಗ ನಾನು ಫೋನಿನಲ್ಲಿ ಮುನ್ನೂರು ಪುಟಗಳನ್ನು ಬೆರಳಿನಿಂದ ತಳ್ಳುತ್ತಿದ್ದೆ. ಮುದ್ರಿತ ಪುಸ್ತಕವಿದ್ದಿದ್ದರೆ ಕಿವಿ ಮಡಿಸಿದ ಪುಟವಾದರೂ ಸಿಗುತ್ತಿತ್ತು.

ಕನ್ನಡದಲ್ಲಿ ಇಂಥ ಪುಸ್ತಕ ತರಬೇಕೆನ್ನುವ ಕೆಲವರು ಇಲ್ಲಿದ್ದೀರಿ. 2023ರ ಜನವರಿಯಲ್ಲಿ, ಪರವಾನಗಿಯ ಬಗ್ಗೆ ಎದ್ದ ದೊಡ್ಡ ಗದ್ದಲದ ನಂತರ, ಡಿ ಅಂಡ್ ಡಿಯ ಐದನೆಯ ಆವೃತ್ತಿಯ ಮೂಲ ನಿಯಮಗಳ ಸಂಗ್ರಹವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಲಾಯಿತು. ಮೂಲವನ್ನು ಸರಿಯಾಗಿ ಹೆಸರಿಸಿದರೆ ಸಾಕು, ಅದನ್ನು ಕನ್ನಡಕ್ಕೆ ತಂದು ಮಾರಲು ಯಾರ ಅಪ್ಪಣೆಯೂ ಬೇಡ. ನಿಯಮಗಳ ಸರಳ ಪಠ್ಯವನ್ನು ಉಚಿತವಾಗಿ ಇಡಿ, ವಿನ್ಯಾಸ, ಚಿತ್ರ, ಪದಸೂಚಿ, ಸಾಹಸಕಥೆಗಳಿರುವ ಪ್ರತಿಗೆ ಬೆಲೆ ಕೇಳಿ ಎಂಬುದು ನನ್ನ ಸಲಹೆ. ಆದರೆ ಆ ಪ್ರತಿಯನ್ನು ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದರೆ ‘ಗುರಾಣಿ’ ಎಂದು ಹುಡುಕಿದ ಓದುಗನಿಗೆ ಒಂದು ಪುಟವೂ ಸಿಗದು. ಯೂನಿಕೋಡ್‌ನಲ್ಲಿ ಮಾಡಿದ ಪಿಡಿಎಫ್‌ನಲ್ಲೂ ಒತ್ತಕ್ಷರಗಳು ಕದಲಿ ಹುಡುಕಾಟ ಕೈಕೊಡುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಆದ್ದರಿಂದ ಪಿಡಿಎಫ್ ಜೊತೆಗೆ ಇಪಬ್ ಅಥವಾ ಸರಳ ಎಚ್‌ಟಿಎಂಎಲ್ ಕಡತವನ್ನೂ ಅದೇ ಬೆಲೆಗೆ ಕೊಡಿ, ಮಾರಾಟಕ್ಕೆ ಇಡುವ ಮುನ್ನ ಒಂದು ಸಂಜೆ ಐದು ಜನರನ್ನು ಕೂರಿಸಿ, ಅವರವರ ಫೋನಿನಲ್ಲಿ ಆ ಕಡತವನ್ನು ತೆರೆಸಿ, ಒಂದು ಪೂರ್ತಿ ಆಟ ಆಡಿಸಿ ನೋಡಿ.